ಪೋರ್ಸಲೀನ್ ಟೈಲು ನಾವೇ ಹಾಕುವುದು: ಕರಾವಳಿಯ ಮನೆಗೊಂದು ಸಮಗ್ರ ಮಾರ್ಗದರ್ಶಿ

ಉಡುಪಿಯ ಪರ್ಕಳದ ಸಮೀಪವಿರುವ ನಮ್ಮ ಮನೆಯ ಮಹಡಿಯಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ಪಟಾಕಿ ಸಿಡಿದಂತಹ ಸದ್ದಾಯಿತು. ಹೋಗಿ ನೋಡಿದರೆ ಕೋಣೆಯ ನಡುವಿನ ಎರಡು ಸಾಲು ಟೈಲುಗಳು ಒಂದಕ್ಕೊಂದು ಆತುಕೊಂಡು, ಹಂಚಿನ ಮಾಡಿನ ಆಕಾರದಲ್ಲಿ ಎದ್ದು ನಿಂತಿದ್ದವು. ಅವುಗಳಲ್ಲಿ ಒಂದನ್ನು ಹಿಡಿದೆತ್ತಿದಾಗ ಅದು ಸಲೀಸಾಗಿ ಕೈಗೆ ಬಂತು. ಅದರ ಬೆನ್ನು ತೊಳೆದಿಟ್ಟ ಬಟ್ಟಲಿನಷ್ಟು ಸ್ವಚ್ಛವಾಗಿತ್ತು. ಬೆನ್ನಿನ ಚೌಕಳಿ ಗೆರೆಗಳ ಅಚ್ಚು ಮಾತ್ರ ಕೆಳಗಿನ ಸಿಮೆಂಟಿನಲ್ಲಿ ಸ್ಪಷ್ಟವಾಗಿ ಮೂಡಿತ್ತು. ಎಂಟು ವರ್ಷ ನಾವು ನಡೆದಾಡಿದ ಆ ಟೈಲು ನೆಲಕ್ಕೆ ಅಂಟಿಯೇ ಇರಲಿಲ್ಲ, ಸುಮ್ಮನೆ ಕುಳಿತಿತ್ತು ಎಂಬುದು ನಮಗೆ ತಿಳಿದದ್ದು ಅಂದೇ.

ಆ ಕೋಣೆಯ ಟೈಲುಗಳನ್ನು ಕಿತ್ತು ನಾನೇ ಹೊಸದಾಗಿ ಹಾಕಿದೆ. ಮರುವರ್ಷ ಕೆಳಗಿನ ಮಲಗುವ ಕೋಣೆಯ ನೆಲವನ್ನೂ ಮಾಡಿದೆ. ಮೊದಲ ಬಾರಿ ಕೈಹಾಕುವವರು ಮಲಗುವ ಕೋಣೆಯಂತಹ ನೇರವಾದ, ಒಣಗಿದ ಜಾಗವನ್ನೇ ಆರಿಸಿಕೊಳ್ಳಬೇಕು. ಬಚ್ಚಲುಮನೆಗೆ ನೀರು ಸೋರದಂತೆ ಮಾಡುವ ಕೆಲಸವೂ ವಾಟ ಕೊಡುವ ಕೆಲಸವೂ ಸೇರಿಕೊಳ್ಳುವುದರಿಂದ ಅದನ್ನು ಅನುಭವಿ ಮೇಸ್ತ್ರಿಗಳಿಗೇ ಬಿಡುವುದು ಒಳ್ಳೆಯದು.

ನೀರು ಕುಡಿಯದ ಟೈಲು

ಪೋರ್ಸಲೀನ್ ಟೈಲನ್ನು ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ವಿಟ್ರಿಫೈಡ್ ಎಂದೇ ಕರೆಯುತ್ತಾರೆ. ಜಿವಿಟಿ, ಪಿಜಿವಿಟಿ, ಡಬಲ್ ಚಾರ್ಜ್, ಫುಲ್ ಬಾಡಿ ಮುಂತಾದ ಹೆಸರುಗಳೆಲ್ಲ ಈ ಒಂದೇ ಕುಟುಂಬಕ್ಕೆ ಸೇರಿದವು. ನುಣ್ಣನೆಯ ಮಣ್ಣಿನ ಮಿಶ್ರಣವನ್ನು ಭಾರೀ ಒತ್ತಡದಲ್ಲಿ ಅಚ್ಚು ಹಾಕಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಮಾಡುವ ಈ ಟೈಲು ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರನ್ನು ಹೀರುವುದಿಲ್ಲ. ಗೋಡೆಗೆ ಹಾಕುವ ಸಾಮಾನ್ಯ ಸೆರಾಮಿಕ್ ಟೈಲು ಶೇ. 10ಕ್ಕಿಂತಲೂ ಹೆಚ್ಚು ಹೀರುತ್ತದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ತಯಾರಿಸತೊಡಗಿದ ಹಂಚು ಇಂದಿಗೂ ನಮ್ಮ ಹಳೆಯ ಮನೆಗಳ ಮಾಡಿನಲ್ಲಿದೆ. ಹಾಗೆಯೇ ಉಳಿದ ಒಂದು ಹಂಚನ್ನು ಅಂಗಳದಿಂದ ತಂದು ಪೋರ್ಸಲೀನ್ ಟೈಲನ್ನು ಬೆನ್ನು ಮೇಲಾಗಿ ಅದರ ಪಕ್ಕದಲ್ಲಿಟ್ಟು, ಎರಡರ ಮೇಲೂ ಒಂದೊಂದು ಹನಿ ನೀರು ಬಿಡಿ. ಹಂಚಿನ ಮೇಲಿನ ಹನಿ ನೋಡುತ್ತಿದ್ದಂತೆಯೇ ಕಪ್ಪು ಕಲೆಯಾಗಿ ಇಂಗುತ್ತದೆ. ಟೈಲಿನ ಮೇಲಿನ ಹನಿ ಕೆಸುವಿನೆಲೆಯ ಮೇಲಿನ ನೀರಿನಂತೆ ಕುಳಿತೇ ಇರುತ್ತದೆ.

ಮುಂದಿನ ಕೆಲಸವೆಲ್ಲ ಈ ಒಂದು ಗುಣವನ್ನು ಅವಲಂಬಿಸಿದೆ. ಸಿಮೆಂಟಿನ ತಿಳಿಯನ್ನು ಸುರಿದು ಟೈಲು ಕೂರಿಸುವ ಹಳೆಯ ಕ್ರಮದಲ್ಲಿ, ಟೈಲಿನ ಬೆನ್ನು ತಿಳಿಯನ್ನು ಹೀರಿಕೊಂಡು, ಅದರ ಸಣ್ಣ ರಂಧ್ರಗಳಲ್ಲಿ ಸಿಮೆಂಟು ಗಟ್ಟಿಯಾಗಿ ಬೇರೂರುತ್ತಿತ್ತು. ಟೈಲನ್ನು ಡ್ರಮ್ಮಿನ ನೀರಿನಲ್ಲಿ ನೆನೆಹಾಕುತ್ತಿದ್ದುದೂ ಅದು ಸಿಮೆಂಟಿನ ನೀರನ್ನು ಒಮ್ಮೆಲೇ ಎಳೆದುಕೊಳ್ಳದಿರಲಿ ಎಂದು. ಪೋರ್ಸಲೀನಿನಲ್ಲಿ ಬೇರೂರಲು ರಂಧ್ರಗಳೇ ಇಲ್ಲದಿರುವುದರಿಂದ ನೆನೆಹಾಕುವುದು ವ್ಯರ್ಥ, ಬರಿಯ ಸಿಮೆಂಟು ತಿಳಿ ನಂಬಿಕೆಗೆ ಅರ್ಹವಲ್ಲ. ಇದಕ್ಕೆ ಪಾಲಿಮರ್ ಬೆರೆಸಿದ ಟೈಲ್ ಅಡೆಸಿವ್, ಎಂದರೆ ನೀರಿನಲ್ಲಿ ಕಲಸಿ ಬಳಸುವ ಸಿಮೆಂಟಿನ ಅಂಟು ಪುಡಿ, ಬೇಕು. ಅಡೆಸಿವ್‌ಗಳಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದ್ದು, ಅದರಲ್ಲಿ ಟೈಪ್ 1ರಿಂದ ಟೈಪ್ 5ರವರೆಗೆ ವರ್ಗಗಳಿವೆ. ಮನೆಯೊಳಗಿನ ಪೋರ್ಸಲೀನ್ ನೆಲಕ್ಕೆ ಕನಿಷ್ಠ ಟೈಪ್ 2 ಇರಲಿ. ಟೈಪ್ 1 ಚೀಲ ಅಗ್ಗವೆಂದು ಕೊಳ್ಳುವುದು ಸೆರಾಮಿಕ್ ಟೈಲಿಗೆ ಸರಿ, ಇದಕ್ಕಲ್ಲ.

ಲೆಕ್ಕ ಮತ್ತು ಖರೀದಿ

ಅಂಗಡಿಯಲ್ಲಿ “ಎರಡು ಅಡಿಯ ಟೈಲು” ಎಂದು ಮಾರುವುದು ನಿಜವಾಗಿ 600 ಮಿಲಿಮೀಟರಿನದು. ಎರಡು ಅಡಿಯೆಂದರೆ ಸುಮಾರು 610 ಮಿ.ಮೀ. ಈ ಒಂದು ಸೆಂಟಿಮೀಟರಿನ ವ್ಯತ್ಯಾಸವನ್ನು ಮರೆತವರು ಕೆಲಸದ ನಡುವೆ ಅಂಗಡಿಗೆ ಓಡಬೇಕಾಗುತ್ತದೆ. ನಾನೂ ಓಡಿದ್ದೇನೆ.

ನಮ್ಮ ಕೆಳಗಿನ ಕೋಣೆ 12 ಅಡಿ ಅಗಲ, 14 ಅಡಿ ಉದ್ದದ್ದು, ಎಂದರೆ 168 ಚದರ ಅಡಿ. 600 ಮಿ.ಮೀ. ಚೌಕದ ಟೈಲಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕು ಟೈಲುಗಳಿದ್ದು, ಅವು ಸುಮಾರು 15.5 ಚದರ ಅಡಿಗೆ ಆಗುತ್ತವೆ. ಒಡೆತಕ್ಕೆಂದು ಶೇ. 10 ಸೇರಿಸಿದರೆ 12 ಪೆಟ್ಟಿಗೆ ಸಾಕೆಂದು ಅಂಗಡಿಯವರು ಹೇಳಿದರು. ಮೇಲ್ನೋಟದ ಲೆಕ್ಕವೂ ಅದೇ. ಆದರೆ 12 ಅಡಿಯ ಅಗಲವೆಂದರೆ 3658 ಮಿ.ಮೀ. ಆರು ಟೈಲುಗಳನ್ನು 3 ಮಿ.ಮೀ. ಸಂದು ಬಿಟ್ಟು ಜೋಡಿಸಿದರೆ 3615 ಮಿ.ಮೀ. ಆಗುತ್ತದೆ. ಎರಡೂ ಗೋಡೆಗಳ ಬುಡದಲ್ಲಿ ಬಿಡಬೇಕಾದ 8 ಮಿ.ಮೀ. ಜಾಗವನ್ನೂ ಇನ್ನೊಂದು ಸಂದನ್ನೂ ಕಳೆದ ಮೇಲೆ ಕೊನೆಯಲ್ಲಿ ಎರಡೂವರೆ ಸೆಂಟಿಮೀಟರಿಗೂ ಕಡಿಮೆ ಅಗಲದ ಪಟ್ಟಿಯೊಂದು ಉಳಿಯುತ್ತದೆ. ಅಂತಹ ಪಟ್ಟಿಯನ್ನು ಒಡೆಯದೆ ಕತ್ತರಿಸುವುದು ಕಷ್ಟ, ಕತ್ತರಿಸಿದರೂ ನೋಡಲು ಚೆಂದವಲ್ಲ. ಹೀಗಾಗಿ ನಡುವೆ ಐದು ಇಡೀ ಟೈಲುಗಳನ್ನಿಟ್ಟು, ಎರಡೂ ಬದಿಗೆ ಸುಮಾರು 312 ಮಿ.ಮೀ. ಅಗಲದ ತುಂಡುಗಳನ್ನು ಸಮನಾಗಿ ಹಂಚಬೇಕು. 14 ಅಡಿಯ ಉದ್ದದಲ್ಲಿಯೂ ಇದೇ ಕಥೆ: ನಡುವೆ ಆರು ಇಡೀ ಟೈಲು, ಎರಡೂ ತುದಿಗೆ 315 ಮಿ.ಮೀ. ತುಂಡು.

ತುಂಡು 300 ಮಿ.ಮೀ.ಗಿಂತ ದೊಡ್ಡದಾದ ಕಾರಣ ಒಂದು ಟೈಲಿನಿಂದ ಎರಡು ತುಂಡು ಸಿಗುವುದಿಲ್ಲ. ಸಾಲಿಗೆ ಏಳು ಟೈಲಿನಂತೆ ಎಂಟು ಸಾಲಿಗೆ 56 ಟೈಲು, ಎಂದರೆ ಒಂದೂ ಒಡೆಯದಿದ್ದರೂ 14 ಪೆಟ್ಟಿಗೆ ಬೇಕು. 15 ತರುವುದೇ ಸರಿ. ಉಳಿಯುವ 28 ಸೆಂಟಿಮೀಟರಿನ ತುಂಡುಗಳು ವ್ಯರ್ಥವಾಗುವುದಿಲ್ಲ. ಅವುಗಳಿಂದ ನಾಲ್ಕು ಅಂಗುಲ ಎತ್ತರದ ಪಟ್ಟಿಗಳನ್ನು ಕೊಯ್ದು, ಗೋಡೆಯ ಬುಡಕ್ಕೆ ಸುತ್ತಲೂ ಅಂಟಿಸುವ ಸ್ಕರ್ಟಿಂಗ್ ಅನ್ನು ಪೂರ್ತಿಯಾಗಿ ಮುಗಿಸಬಹುದು. ನಿಮ್ಮ ಕೋಣೆಯ ಅಳತೆ ಬೇರೆಯಿರುತ್ತದೆ. ಆದ್ದರಿಂದ ಚದರ ಅಡಿಯ ಲೆಕ್ಕವನ್ನು ನಂಬದೆ, ಚೌಕಳಿ ಹಾಳೆಯ ಮೇಲೆ ಕೋಣೆಯನ್ನು ಬರೆದು ಟೈಲುಗಳನ್ನು ಒಂದೊಂದಾಗಿ ಎಣಿಸಿ.

ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ, ಒಂದೇ ಶೇಡ್ ಮತ್ತು ಒಂದೇ ಅಳತೆಯ ಗುರುತು ಇರುವುದನ್ನು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು. ಒಂದೇ ಹೆಸರಿನ ಟೈಲು ಬೇರೆ ಬ್ಯಾಚಿನಲ್ಲಿ ಒಂದಿಷ್ಟು ಕಂದಾಗಿಯೋ ಅರ್ಧ ಮಿಲಿಮೀಟರ್ ದೊಡ್ಡದಾಗಿಯೋ ಇರಬಹುದು. ಎರಡು ಟೈಲುಗಳನ್ನು ಮುಖಕ್ಕೆ ಮುಖ ಕೊಟ್ಟು ಹಿಡಿದಾಗ ನಡುವೆ ಸೀಳು ಕಂಡರೆ ಟೈಲು ಬಾಗಿದೆಯೆಂದು ಅರ್ಥ. ಅಲ್ಪಸ್ವಲ್ಪ ಬಾಗು ದೊಡ್ಡ ಟೈಲುಗಳಲ್ಲಿ ಇದ್ದೇ ಇರುತ್ತದೆ. ಹೊರಗಿನ ಜಗಲಿಗೆ, ಸಿಟೌಟಿಗೆ ಹೊಳಪಿನ ಟೈಲು ಬೇಡವೇ ಬೇಡ. ಆಟಿಯ ಮಳೆಯಲ್ಲಿ ಒದ್ದೆ ಕಾಲಿನಲ್ಲಿ ಬರುವ ಹಿರಿಯರನ್ನು ನೆನೆದು, ಜಾರದ ಒರಟು ಮೈಯ, ಆರ್ 11 ದರ್ಜೆಯ ಟೈಲನ್ನು ಕೇಳಿ.

20 ಕಿಲೋದ ಅಡೆಸಿವ್ ಚೀಲವು ಈ ಗಾತ್ರದ ಟೈಲಿಗೆ 30 ಚದರ ಅಡಿಯ ಆಸುಪಾಸು ಬರುತ್ತದೆ. ನನ್ನ ಕೋಣೆಗೆ ಆರು ಚೀಲ ಬೇಕಾಯಿತು.

ಉಪಕರಣಗಳಲ್ಲಿ ಹಲ್ಲಿನ ಕರಣೆಯನ್ನು ಮಾತ್ರ ನೋಡಿ ಆರಿಸಬೇಕು: 600 ಮಿ.ಮೀ. ಟೈಲಿಗೆ 10 ಅಥವಾ 12 ಮಿ.ಮೀ. ಚೌಕ ಹಲ್ಲಿನದು ಬೇಕು. ಆರು ಅಡಿಯ ಅಲ್ಯುಮಿನಿಯಂ ಪಟ್ಟಿ, ರಸಮಟ್ಟ, ಮೂಲೆಮಟ್ಟ, ರಬ್ಬರ್ ಸುತ್ತಿಗೆ, ಸೀಮೆಸುಣ್ಣದ ದಾರ, ಸಂದಿನ ಅಗಲ ಕಾಯುವ 3 ಮಿ.ಮೀ. ಸ್ಪೇಸರ್, ಅಕ್ಕಪಕ್ಕದ ಟೈಲುಗಳ ಅಂಚನ್ನು ಸಮಮಾಡುವ ಲೆವೆಲಿಂಗ್ ಕ್ಲಿಪ್, ಎರಡು ಬಕೆಟ್ ಮತ್ತು ಸ್ಪಂಜು ಇದ್ದರೆ ಆಯಿತು. ಟೈಲ್ ಕಟ್ಟರನ್ನು ಬಾಡಿಗೆಗೆ ತರಬಹುದು. ಮಂಡಿಯ ಕೆಳಗೆ ಮಡಚಿದ ಗೋಣಿಚೀಲ ಇಟ್ಟುಕೊಳ್ಳದೆ ಕೆಲಸ ಆರಂಭಿಸಿದರೆ ಎರಡನೆಯ ದಿನ ಮೆಟ್ಟಿಲು ಹತ್ತಲಾಗುವುದಿಲ್ಲ.

ನೆಲದ ಪರೀಕ್ಷೆ

ಟೈಲು ಹಾಕುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಟೈಲನ್ನು ಮುಟ್ಟುವ ಮೊದಲೇ ಮುಗಿಯಬೇಕು. ನಮ್ಮ ಕರಾವಳಿಯಲ್ಲಿ ನೆಲದ ಮೊದಲ ಪ್ರಶ್ನೆ ತೇವದ್ದು. ಮುರಕಲ್ಲಿನ ತಳಪಾಯದ ಮೇಲೆ ನಿಂತ ಹಳೆಯ ಮನೆಗಳಲ್ಲಿ ಕೆಳಗಿನಿಂದ ತೇವ ಏರದಂತೆ ತಡೆಯುವ ಪದರ ಹೆಚ್ಚಾಗಿ ಇರುವುದಿಲ್ಲ. ಇನ್ನೊಂದೆಡೆ, ಮಳೆಗಾಲದ ಮುಂಜಾನೆ ನೆಲ ಬೆವರುವುದು ಎಲ್ಲ ಮನೆಗಳಲ್ಲಿಯೂ ಇದೆ; ಅದು ಗಾಳಿಯ ತೇವಾಂಶ ತಣ್ಣನೆಯ ನೆಲದ ಮೇಲೆ ಹನಿಗಟ್ಟುವುದೇ ಹೊರತು ನೆಲದ ದೋಷವಲ್ಲ. ಇವೆರಡನ್ನು ಬೇರೆಮಾಡಿ ತಿಳಿಯಲು, ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕು ಅಂಚನ್ನೂ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ, ಒಂದು ದಿನ ಬಿಡಿ. ಮರುದಿನ ನೀರಿನ ಮಣಿಗಳು ಹಾಳೆಯ ಮೇಲ್ಭಾಗದಲ್ಲಿದ್ದರೆ ಅದು ಗಾಳಿಯದು. ಹಾಳೆಯ ಅಡಿಭಾಗ ಒದ್ದೆಯಾಗಿದ್ದರೆ, ಅಥವಾ ಅಡಿಯ ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ, ತೇವ ನೆಲದಿಂದಲೇ ಬರುತ್ತಿದೆ. ಆಗ ತೇವ ತಡೆಯುವ ಪದರ ಹಾಕುವ ತನಕ ಟೈಲಿನ ಯೋಚನೆ ಬಿಡಬೇಕು. ಈ ಪರೀಕ್ಷೆಯನ್ನು ಬೇಸಗೆಯಲ್ಲಿ ಮಾತ್ರ ಮಾಡಿ ನಿಶ್ಚಿಂತರಾಗಬಾರದು. ಆಗಸ್ಟಿನಲ್ಲಿ ಮಾಡಿ ನೋಡಿ, ಕೆಲಸವನ್ನು ಡಿಸೆಂಬರಿನ ಬಳಿಕ ಆರಂಭಿಸಿ. ಹೊಸದಾಗಿ ಕಾಂಕ್ರೀಟು ಹಾಕಿದ ನೆಲಕ್ಕೆ ಕನಿಷ್ಠ 28 ದಿನ ಕೊಡಬೇಕು.

ಎರಡನೆಯದು ನೆಲದ ಗಟ್ಟಿತನ. ಕಬ್ಬಿಣದ ಸಲಾಕೆಯ ತುದಿಯಿಂದ ನೆಲವನ್ನು ತಟ್ಟುತ್ತ ಹೋದಾಗ ಎಲ್ಲಿಯಾದರೂ ಟೊಳ್ಳು ಸದ್ದು ಬಂದರೆ ಅಷ್ಟು ಭಾಗವನ್ನು ಒಡೆದು ತೆಗೆದು ಗಾರೆ ತುಂಬಬೇಕು. ಗಾರೆಗೆ ಅಳಿವೆ ಸಮೀಪದ ಉಪ್ಪು ಮರಳನ್ನು ಬಳಸಿದರೆ ಮುಂದೆ ಸಂದುಗಳಲ್ಲಿ ಬಿಳಿ ಉಪ್ಪು ಮೂಡುತ್ತದೆ. ಸಿಹಿನೀರಿನ ಹೊಳೆಯ ಮರಳು ಇಲ್ಲವೇ ಎಂ-ಸ್ಯಾಂಡ್ ತನ್ನಿ.

ಹಳೆಯ ಕಾವಿ ನೆಲಕ್ಕೆ ವಿಶೇಷ ಎಚ್ಚರಿಕೆ ಬೇಕು. ಕೆಂಪು ಕಾವಿ ಬೆರೆಸಿದ ಸಿಮೆಂಟನ್ನು ನುಣುಪಾಗಿ ತಿಕ್ಕಿ, ದಶಕಗಳ ಕಾಲ ಮೇಣವನ್ನೋ ತೆಂಗಿನೆಣ್ಣೆಯನ್ನೋ ಉಣಿಸಿ ಕನ್ನಡಿಯಂತೆ ಮಾಡಿದ ಆ ಮೈಗೆ ಯಾವ ಅಂಟೂ ನಿಲ್ಲದು. ಅದರ ಮೇಲೆಯೇ ಟೈಲು ಹಾಕುವುದಾದರೆ ಗ್ರೈಂಡರಿನಿಂದ ಹೊಳಪನ್ನು ಪೂರ್ತಿ ತೆಗೆದು, ಬೂದು ಬಣ್ಣದ ಒರಟು ಸಿಮೆಂಟು ಕಾಣುವ ತನಕ ಉಜ್ಜಬೇಕು. ಬರಿಯ ಚಾಣದಿಂದ ಅಲ್ಲಲ್ಲಿ ಗುಳಿ ಹೊಡೆದರೆ, ಗುಳಿಗಳ ನಡುವಿನ ಎಣ್ಣೆ ಕುಡಿದ ಮೈ ಹಾಗೆಯೇ ಉಳಿಯುತ್ತದೆ. ಬಿರುಕಿಲ್ಲದ ಒಳ್ಳೆಯ ಕಾವಿ ನೆಲವಿದ್ದರೆ ಅದನ್ನು ಮುಚ್ಚುವ ಮುನ್ನ ಎರಡು ಬಾರಿ ಯೋಚಿಸಿ ಎಂಬುದು ನನ್ನ ಸಲಹೆ. ಮುಚ್ಚಿದ ನನ್ನ ಮೇಲೆ ಅಮ್ಮನ ಅಸಮಾಧಾನ ಇನ್ನೂ ತೀರಿಲ್ಲ. ಸೆಕೆಯಲ್ಲಿ ಚಾಪೆಯಿಲ್ಲದೆ ಮಲಗುತ್ತಿದ್ದ ಆ ತಂಪು ಈ ಟೈಲಿಗಿಲ್ಲ ಎನ್ನುತ್ತಾರೆ.

ಮೂರನೆಯದು ಮಟ್ಟಸ. ಅಲ್ಯುಮಿನಿಯಂ ಪಟ್ಟಿಯನ್ನು ನೆಲದ ಮೇಲೆ ನಾನಾ ದಿಕ್ಕಿಗೆ ಇಟ್ಟು, ಅದರ ಅಡಿಯಲ್ಲಿ ಬೆಳಕು ಎಲ್ಲಿ ನುಸುಳುತ್ತದೆಯೆಂದು ನೋಡಿ. ದೊಡ್ಡ ಟೈಲಿಗೆ ಹತ್ತು ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಏರುತಗ್ಗು ಇರಬಾರದು. ಉಬ್ಬಿದ್ದಲ್ಲಿ ಉಜ್ಜಿ, ತಗ್ಗಿದ್ದಲ್ಲಿ ಪ್ರೈಮರ್ ಬಳಿದು ನೆಲ ಸಮಮಾಡುವ ಸಿದ್ಧ ಮಿಶ್ರಣವನ್ನು ಹರಿಸಿ. ತಗ್ಗನ್ನು ಟೈಲಿನ ಅಡೆಸಿವ್‌ನಿಂದಲೇ ತುಂಬಿಸುವ ಆಸೆ ಬರುತ್ತದೆ. ಅದು ದಪ್ಪವಾದಷ್ಟೂ ಒಣಗುವಾಗ ಕುಗ್ಗುವುದು ಹೆಚ್ಚು, ಕುಗ್ಗುವಾಗ ಟೈಲನ್ನೂ ಕೆಳಗೆಳೆಯುತ್ತದೆ.

ಬಾಗಿಲನ್ನೂ ಈಗಲೇ ನೋಡಿಬಿಡಿ. ಟೈಲು 9 ಮಿ.ಮೀ., ಅಡೆಸಿವ್ 5 ಮಿ.ಮೀ. ಎಂದರೆ ನೆಲ ಒಂದೂವರೆ ಸೆಂಟಿಮೀಟರಿನಷ್ಟು ಏರುತ್ತದೆ. ಒಳಕ್ಕೆ ತೆರೆಯುವ ಬಾಗಿಲಿನ ಅಡಿಯನ್ನು ಬಡಗಿಯಿಂದ ಮೊದಲೇ ಕೊಯ್ಯಿಸದಿದ್ದರೆ, ಕೆಲಸ ಮುಗಿದ ದಿನ ಬಾಗಿಲು ತೆರೆಯುವುದಿಲ್ಲ.

ಗೆರೆ ಎಳೆಯುವುದು

ಎದುರುಬದುರು ಗೋಡೆಗಳ ನಡುಬಿಂದುಗಳನ್ನು ಸೇರಿಸಿ ಸೀಮೆಸುಣ್ಣದ ದಾರದಿಂದ ಒಂದು ಗೆರೆ ಹೊಡೆಯಿರಿ. ಅದಕ್ಕೆ ಅಡ್ಡಲಾಗಿ ಇನ್ನೊಂದು ಗೆರೆಯನ್ನು ಗೋಡೆ ನೋಡಿ ಹೊಡೆಯಬಾರದು, ಏಕೆಂದರೆ ಮುರಕಲ್ಲಿನ ಗೋಡೆಗಳು ಮೂಲೆಮಟ್ಟಕ್ಕೆ ಸರಿಯಾಗಿರುವುದು ಅಪರೂಪ. ಎರಡು ಗೆರೆಗಳು ಕೂಡುವಲ್ಲಿಂದ ಒಂದರ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಅಳೆದು ಗುರುತು ಮಾಡಿ. ಗುರುತುಗಳ ನಡುವಿನ ಓರೆ ಅಳತೆ ಐದು ಅಡಿ ಬಂದರೆ ಮೂಲೆ ಸರಿಯಿದೆ. ಜಾಗವಿದ್ದಲ್ಲಿ ಆರು, ಎಂಟು, ಹತ್ತು ಅಡಿಗಳಲ್ಲಿ ಮಾಡಿದರೆ ತಪ್ಪು ಇನ್ನೂ ಕಡಿಮೆ.

ಅಡೆಸಿವ್ ಇಲ್ಲದೆ ಎರಡೂ ಗೆರೆಗಳ ಉದ್ದಕ್ಕೆ ಒಂದೊಂದು ಸಾಲು ಟೈಲನ್ನು ಸ್ಪೇಸರಿಟ್ಟು ಹಾಸಿ, ಕಾಗದದ ಲೆಕ್ಕ ನೆಲದಲ್ಲಿ ನಿಜವಾಗುತ್ತದೆಯೇ ನೋಡಿ. ಬಾಗಿಲಿನಲ್ಲಿ ನಿಂತು ನೋಡುವುದನ್ನು ಮರೆಯಬೇಡಿ. ಕೋಣೆಯನ್ನು ಎಲ್ಲರೂ ನೋಡುವುದು ಅಲ್ಲಿಂದಲೇ. ಟೈಲಿನ ಬೆನ್ನಿನ ಬಾಣದ ಗುರುತುಗಳೆಲ್ಲ ಒಂದೇ ದಿಕ್ಕಿಗಿರಲಿ, ನಾಲ್ಕೈದು ಪೆಟ್ಟಿಗೆಗಳನ್ನು ಒಮ್ಮೆಗೇ ತೆರೆದು ಕಲಸಿ ಬಳಸಿ. ಇಟ್ಟಿಗೆಯಂತೆ ಬಿಟ್ಟುಬಿಟ್ಟು ಜೋಡಿಸುವ ವಿನ್ಯಾಸ ಬೇಕೆಂದರೆ ಅರ್ಧಕ್ಕಲ್ಲ, ಮೂರನೇ ಒಂದು ಭಾಗಕ್ಕೆ ಸರಿಸಿ. ಬಾಗಿದ ಉದ್ದ ಟೈಲಿನ ನಡುಭಾಗ ಎತ್ತರವಾಗಿಯೂ ತುದಿ ತಗ್ಗಾಗಿಯೂ ಇರುವುದರಿಂದ, ಅರ್ಧಕ್ಕೆ ಸರಿಸಿದರೆ ಅವೆರಡೂ ಪಕ್ಕಪಕ್ಕ ಬಂದು ಕಾಲಿಗೆ ತಡೆಯುತ್ತದೆ.

“ಸಂದು ಯಾಕೆ ಮಾರಾಯ್ರೇ, ಒಂದಕ್ಕೊಂದು ತಾಗಿಸಿಯೇ ಇಡುವ, ಕಲ್ಲಿನ ಹಾಗೆ ಕಾಣ್ತದೆ” ಎಂದು ಸಹಾಯಕ್ಕೆ ಬಂದವರು ಹೇಳಿಯೇ ಹೇಳುತ್ತಾರೆ. ನಮ್ಮ ಮಹಡಿಯಲ್ಲಿ ಮಾಡಿದ್ದೂ ಅದನ್ನೇ. ಸಂದಿಲ್ಲದೆ, ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಿಸಿದ ಟೈಲುಗಳು ಬೇಸಗೆಯಲ್ಲಿ ಒಂದಿಷ್ಟು ಹಿಗ್ಗಿದಾಗ ಹೋಗಲು ಜಾಗವಿಲ್ಲದೆ, ಅಂಟು ದುರ್ಬಲವಿದ್ದ ಕಡೆ ಮೇಲಕ್ಕೆ ಎದ್ದವು. ಆದ್ದರಿಂದ ಟೈಲುಗಳ ನಡುವೆ 2ರಿಂದ 3 ಮಿ.ಮೀ., ಗೋಡೆಯ ಬುಡದಲ್ಲಿ ಸುತ್ತಲೂ 8 ಮಿ.ಮೀ. ಬಿಡಲೇಬೇಕು. ಗೋಡೆಯ ಬುಡದ ಜಾಗವನ್ನು ಸ್ಕರ್ಟಿಂಗ್ ಮುಚ್ಚುತ್ತದೆ, ಯಾರಿಗೂ ಕಾಣುವುದಿಲ್ಲ. 25 ಅಡಿಗಿಂತ ಉದ್ದದ ಹಾಲ್‌ಗಳಲ್ಲಿ ನಡುವೆ ಒಂದು ಸಂದನ್ನು ಗ್ರೌಟಿನ (ಸಂದು ತುಂಬುವ ಮಿಶ್ರಣದ) ಬದಲು ಅದೇ ಬಣ್ಣದ ಸಿಲಿಕಾನ್‌ನಿಂದ ತುಂಬಬೇಕು. ಬಿಸಿಲು ಬೀಳುವ ಜಗಲಿಗೆ ಇಂತಹ ಸಂದು ಎಂಟರಿಂದ ಹನ್ನೆರಡು ಅಡಿಗೊಂದು ಬೇಕು.

ಟೈಲು ಕೂರಿಸುವುದು

ನೆಲವನ್ನು ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ನೀರು ನಿಲ್ಲದಂತೆ ಬಿಡಿ. ಸೀಲಿಂಗ್ ಫ್ಯಾನನ್ನು ಆರಿಸಿ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಇದು ಶಿಕ್ಷೆಯೇ ಸರಿ, ಆದರೆ ಫ್ಯಾನಿನ ಗಾಳಿಗೆ ಹರಡಿದ ಅಡೆಸಿವ್‌ನ ಮೈ ಹತ್ತೇ ನಿಮಿಷದಲ್ಲಿ ಒಣಗಿ ಕೆನೆಗಟ್ಟುತ್ತದೆ, ಕೆನೆಗಟ್ಟಿದ ಮೇಲೆ ಅದು ಟೈಲನ್ನು ಹಿಡಿಯುವುದಿಲ್ಲ. ಬೆಳಗ್ಗೆ ಆರಕ್ಕೆ ಶುರುಮಾಡಿ ಹನ್ನೊಂದಕ್ಕೆ ನಿಲ್ಲಿಸುವುದು ನನಗೆ ಒಗ್ಗಿದ ಕ್ರಮ.

ಬಕೆಟಿಗೆ ಮೊದಲು ನೀರು, ಆಮೇಲೆ ಪುಡಿ. 20 ಕಿಲೋಗೆ ಸುಮಾರು 5 ಲೀಟರ್ ನೀರು ಹಿಡಿಯುತ್ತದೆಯಾದರೂ ಚೀಲದ ಮೇಲೆ ಬರೆದದ್ದೇ ಕೊನೆಯ ಮಾತು. ಆರಂಭದಲ್ಲಿ ಕಾಲು ಚೀಲಕ್ಕಿಂತ ಹೆಚ್ಚು ಕಲಸಬೇಡಿ. ಗಂಟಿಲ್ಲದಂತೆ ಕಲಸಿ, ಐದರಿಂದ ಹತ್ತು ನಿಮಿಷ ಬಿಟ್ಟು, ನೀರು ಸೇರಿಸದೆ ಇನ್ನೊಮ್ಮೆ ಕಲಸಬೇಕು. ಹದ ಹೇಗಿರಬೇಕೆಂದರೆ, ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿದ್ದು, ಕರಣೆಯನ್ನು ಓರೆ ಹಿಡಿದರೂ ಜಾರದೆ ನಿಲ್ಲಬೇಕು, ಹಲ್ಲಿನಿಂದ ಎಳೆದ ಏಣುಗಳು ಕುಸಿಯಬಾರದು. ನೀರುದೋಸೆಯ ಹಿಟ್ಟಿನಂತೆ ಹರಿದರೆ ಆ ಬಕೆಟನ್ನು ಚೆಲ್ಲಿಬಿಡಿ. ಗಟ್ಟಿಯಾಗತೊಡಗಿದ ಮಿಶ್ರಣಕ್ಕೆ ನೀರು ಹಾಕಿ ಮತ್ತೆ ಮೆತ್ತಗೆ ಮಾಡುವುದು ಸಲ್ಲದು.

ಟೈಲಿನ ಬೆನ್ನನ್ನು ಬೆರಳಿನಿಂದ ಒರೆಸಿ ನೋಡಿ. ಬಿಳಿಯ ಪುಡಿ ಅಂಟುತ್ತದೆ. ಗೂಡಿನಲ್ಲಿ ಟೈಲು ರೋಲರಿಗೆ ಹಿಡಿಯದಿರಲೆಂದು ಬಳಿಯುವ ಲೇಪದ ಪುಡಿಯದು, ಅಂಟಿಗೂ ಟೈಲಿಗೂ ನಡುವೆ ನಿಂತು ಹಿಡಿತವನ್ನು ಕೆಡಿಸುತ್ತದೆ. ಪ್ರತಿಯೊಂದು ಟೈಲಿನ ಬೆನ್ನನ್ನೂ ಒದ್ದೆ ಸ್ಪಂಜಿನಿಂದ ಒರೆಸಿ ಆರಲು ಬಿಡಬೇಕು.

ಗೆರೆಗಳು ಕೂಡುವಲ್ಲಿಂದ ಆರಂಭಿಸಿ, ಬಾಗಿಲಿನಿಂದ ದೂರವಿರುವ ಕಡೆಯನ್ನು ಮೊದಲು ಮುಗಿಸುತ್ತ, ಕೊನೆಗೆ ಬಾಗಿಲಿನ ಮೂಲಕ ಹೊರಬರುವಂತೆ ಯೋಜಿಸಿಕೊಳ್ಳಿ. ಕರಣೆಯ ಸಪಾಟಾದ ಬದಿಯಿಂದ ಅಡೆಸಿವ್‌ನ ತೆಳು ಪದರವೊಂದನ್ನು ನೆಲಕ್ಕೆ ಒತ್ತಿ ತಿಕ್ಕಿ, ಅದರ ಮೇಲೆ ಇನ್ನಷ್ಟು ಹಾಕಿ, ಹಲ್ಲಿನ ಬದಿಯನ್ನು ನೇರವಾಗಿ ಒಂದೇ ದಿಕ್ಕಿಗೆ ಎಳೆಯಿರಿ. ಸುತ್ತುಸುತ್ತಾಗಿ ಕಮಾನಿನಂತೆ ಎಳೆಯುವುದು ಹಲವರ ಅಭ್ಯಾಸ. ಸುರುಳಿಗಳ ನಡುವೆ ಗಾಳಿ ಸಿಕ್ಕಿಬಿದ್ದು ಹೊರಹೋಗಲಾಗದೆ ಟೊಳ್ಳು ಉಳಿಯುತ್ತದೆ. ಒಮ್ಮೆಗೆ ಎರಡು ಟೈಲಿಗಾಗುವಷ್ಟು ಮಾತ್ರ ಹರಡಿ. ಟೈಲಿನ ಬೆನ್ನಿಗೂ ಒಂದು ಮಿಲಿಮೀಟರಿನಷ್ಟು ಅಡೆಸಿವ್ ಅನ್ನು ಬೆಣ್ಣೆ ಸವರಿದಂತೆ ಒತ್ತಿ ಸವರಿ, ನಾಲ್ಕು ಮೂಲೆಗಳನ್ನು ಬಿಡದಂತೆ ನೋಡಿಕೊಳ್ಳಿ.

ಟೈಲನ್ನು ತನ್ನ ಜಾಗದಿಂದ ಒಂದಂಗುಲ ಆಚೆ ಇಳಿಸಿ, ಏಣುಗಳಿಗೆ ಅಡ್ಡಲಾಗಿ ಹಿಂದೆ ಮುಂದೆ ಜರುಗಿಸುತ್ತ ಒತ್ತಿ ಸ್ಥಾನಕ್ಕೆ ತನ್ನಿ. ಹೀಗೆ ಅಡ್ಡ ಜರುಗಿಸಿದಾಗ ಏಣುಗಳು ಕುಸಿದು ನಡುವಿನ ಕಾಲುವೆಗಳನ್ನು ತುಂಬುತ್ತವೆ, ಗಾಳಿ ಕಾಲುವೆಯುದ್ದಕ್ಕೂ ಸರಿದು ಹೊರಗೆ ಹೋಗುತ್ತದೆ. ಅಡೆಸಿವ್ ಸರಿಯಾಗಿ ಹರಡಿದ್ದರೆ ನಿಮ್ಮ ಅಂಗೈಗೆ ಟೈಲು ಕೆಳಗಿನಿಂದ ಎಳೆದು ಹಿಡಿದಂತೆ ಭಾಸವಾಗುತ್ತದೆ. ನೋಡುತ್ತ ಕಲಿಯಲಾಗದ ಭಾಗ ಇದೊಂದೇ, ಮೂರು ಟೈಲು ಹಾಕುವಷ್ಟರಲ್ಲಿ ಕೈಗೆ ತಾನಾಗಿ ಬರುತ್ತದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ರಸಮಟ್ಟ ಇಟ್ಟು ನೋಡಿ, ಸ್ಪೇಸರನ್ನೂ ಕ್ಲಿಪ್ಪನ್ನೂ ಸೇರಿಸಿ. ಕ್ಲಿಪ್ಪಿನ ಬೆಣೆಯನ್ನು ಪಕ್ಕದ ಟೈಲುಗಳ ಅಂಚು ಸಮವಾಗುವಷ್ಟೇ ಬಿಗಿಮಾಡಿ. ಅತಿಯಾದರೆ ಟೈಲು ಅಡೆಸಿವ್‌ನಿಂದ ಮೇಲೇಳುತ್ತದೆ.

ಮೊದಲ ಟೈಲನ್ನು ಹಾಕಿದ ಕೂಡಲೇ ಎತ್ತಿ ತಿರುಗಿಸಿ ನೋಡಲೇಬೇಕು. ಮನಸ್ಸು ಒಪ್ಪುವುದಿಲ್ಲ, ಆದರೂ ಎತ್ತಿ. ಒಳಗಿನ ಒಣ ಕೋಣೆಗೆ ಬೆನ್ನಿನ ಶೇ. 80ರಷ್ಟಾದರೂ, ಜಗಲಿಗೆ ಮತ್ತು ಒದ್ದೆಯಾಗುವ ಜಾಗಕ್ಕೆ ಶೇ. 95ರಷ್ಟು ಅಡೆಸಿವ್ ಅಂಟಿರಬೇಕು. ನನ್ನ ಮೊದಲ ಟೈಲಿನ ಬೆನ್ನಿನಲ್ಲಿ ಉಳುಮೆಯ ಸಾಲಿನಂತೆ ಒಂದು ಗೆರೆ ಅಡೆಸಿವ್, ಒಂದು ಗೆರೆ ಖಾಲಿ ಕಂಡಿತು: ಏಣು ಕುಸಿದೇ ಇರಲಿಲ್ಲ. ಕರಣೆಯನ್ನು 8 ಮಿ.ಮೀ. ಹಲ್ಲಿನಿಂದ 12ಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ಪ್ರತಿ ಹತ್ತು ಟೈಲಿಗೊಮ್ಮೆ ಒಂದನ್ನು ಎತ್ತಿ ನೋಡುವ ಅಭ್ಯಾಸವನ್ನು ಕೊನೆಯವರೆಗೂ ಬಿಡಬೇಡಿ.

ಸಂದಿನಲ್ಲಿ ಉಕ್ಕಿ ಬಂದ ಅಡೆಸಿವ್ ಅನ್ನು ಹಸಿಯಿರುವಾಗಲೇ ಕೆರೆದು ತೆಗೆಯಿರಿ. ಒಣಗಿದ ಮೇಲೆ ಅದನ್ನು ಕೆತ್ತುವಾಗ ಅಂಚು ಎಗರುವುದು ಖಚಿತ.

ಕತ್ತರಿಸುವುದು

ಇಡೀ ಟೈಲುಗಳೆಲ್ಲ ಮುಗಿದು ಒಂದು ದಿನ ಕಳೆದ ಮೇಲೆ ಅಂಚಿನ ತುಂಡುಗಳನ್ನು ಕತ್ತರಿಸಿ. ಪ್ರತಿಯೊಂದನ್ನೂ ಅದರದೇ ಜಾಗದಲ್ಲಿ ಅಳೆಯಿರಿ, ಏಕೆಂದರೆ ಗೋಡೆ ನೇರವಿರುವುದಿಲ್ಲ. ಕಟ್ಟರಿನ ಚಕ್ರವನ್ನು ಒಂದೇ ಬಾರಿ, ಒಂದೇ ಒತ್ತಡದಲ್ಲಿ ತುದಿಯಿಂದ ತುದಿಗೆ ಎಳೆದು ಮುರಿಯಬೇಕು. ಗೆರೆಯ ಮೇಲೆ ಎರಡನೆಯ ಬಾರಿ ಎಳೆದರೆ ಒಡೆತ ದಾರಿತಪ್ಪುತ್ತದೆ. ಬಾಗಿಲ ಚೌಕಟ್ಟಿನ ಬಳಿಯ ಮೂಲೆಯಾಕಾರದ ಕೊಯ್ತಕ್ಕೆ ಗ್ರೈಂಡರಿಗೆ ಹಲ್ಲಿಲ್ಲದ ಅಖಂಡ ಅಂಚಿನ ಡೈಮಂಡ್ ಬ್ಲೇಡ್ ಹಾಕಿ, ಮೂಲೆಯಲ್ಲಿ ಮೊದಲು ಒಂದು ಸಣ್ಣ ತೂತು ಕೊರೆದುಕೊಂಡರೆ ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಈ ಧೂಳಿನ ವಿಷಯದಲ್ಲಿ ಉದಾಸೀನ ಸಲ್ಲದು. ಪೋರ್ಸಲೀನ್ ಕೊಯ್ಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕುಳಿತರೆ ಹೊರಬರುವುದಿಲ್ಲ. ಅಂಗಳಕ್ಕೆ ಹೋಗಿ, ಎನ್ 95 ಮಾಸ್ಕ್ ಮತ್ತು ಕನ್ನಡಕ ಧರಿಸಿ, ಇನ್ನೊಬ್ಬರಿಂದ ತೆಳ್ಳಗೆ ನೀರು ಬಿಡಿಸುತ್ತ ಕೊಯ್ಯಿರಿ. ನೀರು ಮತ್ತು ಕರೆಂಟು ಒಟ್ಟಿಗಿರುವ ಕೆಲಸವಾದ್ದರಿಂದ, ಸೋರಿಕೆಯಾದರೆ ತಾನೇ ಕಡಿಯುವ ಆರ್‌ಸಿಸಿಬಿ ಇರುವ ಲೈನಿನಿಂದಲೇ ವಿದ್ಯುತ್ ತೆಗೆದುಕೊಳ್ಳಿ. ಅಡೆಸಿವ್ ಕಲಸುವಾಗ ಕೈಗವಸು ಬೇಕು. ಸಿಮೆಂಟು ಚರ್ಮವನ್ನು ಸುಡುತ್ತದೆ.

ಗ್ರೌಟು, ಸ್ಕರ್ಟಿಂಗ್, ಕೊನೆಯ ಕೆಲಸಗಳು

ಕೊನೆಯ ಟೈಲು ಹಾಕಿ 24 ಗಂಟೆಯ ಬಳಿಕ ಕ್ಲಿಪ್ಪುಗಳನ್ನು ಸಂದಿನ ನೇರಕ್ಕೆ ಒದ್ದು ಮುರಿಯಿರಿ. ಹಿರಿಯರು ಯಾರಾದರೂ ಬಂದು ನೆಲಕ್ಕೆ ನೀರು ಹಾಯಿಸಿ ಕ್ಯೂರಿಂಗ್ ಮಾಡಲು ಹೇಳಬಹುದು. ಸಿಮೆಂಟು ಗಾರೆಗೆ ಅದು ಸರಿ, ಪಾಲಿಮರ್ ಅಡೆಸಿವ್‌ಗೆ ಬೇಡ. ಒಂದು ರೂಪಾಯಿ ನಾಣ್ಯದಿಂದ ಪ್ರತಿ ಟೈಲಿನ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ತಟ್ಟಿ ಕೇಳಿ. ಗಟ್ಟಿ ಸದ್ದಿನ ನಡುವೆ ಟೊಳ್ಳು ಸದ್ದು ತಕ್ಷಣ ಬೇರೆಯಾಗಿ ಕೇಳಿಸುತ್ತದೆ. ಮೂಲೆ ಟೊಳ್ಳಾಗಿರುವ ಟೈಲನ್ನು ಈಗಲೇ ತೆಗೆದು ಹೊಸದು ಹಾಕಿ. ಗ್ರೌಟು ತುಂಬಿದ ಮೇಲೆ ಒಂದನ್ನು ತೆಗೆಯಲು ಅಕ್ಕಪಕ್ಕದ ಟೈಲುಗಳೂ ಏಟು ತಿನ್ನುತ್ತವೆ.

ಬಿಳಿ ಸಿಮೆಂಟಿಗೆ ಬಣ್ಣ ಬೆರೆಸಿ ಸಂದು ತುಂಬುವ ಪದ್ಧತಿ ಇನ್ನೂ ಇದೆ. ಅದು ಬಿರುಕುಬಿಟ್ಟು, ಒಂದೆರಡು ಮಳೆಗಾಲದಲ್ಲಿ ಕಪ್ಪಾಗುತ್ತದೆ. ಮಲಗುವ ಕೋಣೆಗೆ ಒಳ್ಳೆಯ ಸಿಮೆಂಟು ಗ್ರೌಟು ಸಾಕು; ಅರಿಸಿನ, ಎಣ್ಣೆ, ಹುಣಸೆಹುಳಿ ಬೀಳುವ ಅಡುಗೆಮನೆಗೆ ಎಪಾಕ್ಸಿ ಗ್ರೌಟು ಯೋಗ್ಯ. ಎಪಾಕ್ಸಿಯನ್ನು ಸ್ವಲ್ಪಸ್ವಲ್ಪವೇ ಕಲಸಿ ತಕ್ಷಣ ಒರೆಸುತ್ತ ಹೋಗಬೇಕು, ಟೈಲಿನ ಮೇಲೆ ಗಟ್ಟಿಯಾದರೆ ಬಿಡಿಸುವುದು ಬಹಳ ಕಷ್ಟ. ಸಂದುಗಳನ್ನು ಬ್ರಷ್ಷಿನಿಂದ ಶುಚಿಮಾಡಿ, ರಬ್ಬರ್ ಪಟ್ಟಿಯಿಂದ ಗ್ರೌಟನ್ನು ಸಂದಿಗೆ ಓರೆಯಾಗಿ ಒತ್ತಿ ತುಂಬಿ, ಹದಿನೈದು ನಿಮಿಷದ ಬಳಿಕ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿಯೇ ಒರೆಸಿ. ಸ್ಪಂಜಿನಲ್ಲಿ ನೀರು ಹೆಚ್ಚಿದ್ದರೆ ಗ್ರೌಟಿನ ಬಣ್ಣ ತೊಳೆದುಹೋಗಿ ಕಲೆಕಲೆಯಾಗುತ್ತದೆ. ಮರುದಿನ ಕಾಣುವ ತೆಳು ಮಸುಕನ್ನು ಒಣ ಹತ್ತಿ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ.

ಗೋಡೆಯ ಬುಡದ 8 ಮಿ.ಮೀ. ಜಾಗಕ್ಕೆ ಗ್ರೌಟಾಗಲಿ ಗಾರೆಯಾಗಲಿ ಬೀಳದಂತೆ ನೋಡಿಕೊಂಡು, ಅದನ್ನು ಖಾಲಿಯಿಟ್ಟೇ ಮೇಲೆ ಸ್ಕರ್ಟಿಂಗ್ ಪಟ್ಟಿಗಳನ್ನು ಗೋಡೆಗೆ ಅಂಟಿಸಿ. ಪಟ್ಟಿಯ ಕಾರ್ಖಾನೆಯ ಅಂಚು ಮೇಲಕ್ಕೂ ನೀವು ಕೊಯ್ದ ಅಂಚು ಕೆಳಕ್ಕೂ ಇರಲಿ. ಪಟ್ಟಿಗೂ ನೆಲಕ್ಕೂ ನಡುವೆ 2 ಮಿ.ಮೀ. ಬಿಟ್ಟು ಸಿಲಿಕಾನ್ ಹಾಕಿದರೆ, ನೆಲ ಒರೆಸುವ ನೀರೂ ಇರುವೆಗಳೂ ಒಳಗೆ ಹೋಗುವುದಿಲ್ಲ.

ಗ್ರೌಟಿನ ಮರುದಿನದಿಂದ ಬರಿಗಾಲಿನಲ್ಲಿ ನಡೆಯಬಹುದು. ಮಂಚ, ಗೋದ್ರೇಜ್ ಕಪಾಟುಗಳನ್ನು ಏಳು ದಿನ ಕಳೆದ ಮೇಲೆ, ಎಳೆಯದೆ, ಎತ್ತಿ ತಂದಿಡಿ. ಉಳಿದ ನಾಲ್ಕೈದು ಟೈಲುಗಳನ್ನು ಬ್ಯಾಚ್ ಸಂಖ್ಯೆಯಿರುವ ಪೆಟ್ಟಿಗೆಯಲ್ಲಿಯೇ ಅಟ್ಟಕ್ಕೆ ಹಾಕಿ, ಗ್ರೌಟಿನ ಬಣ್ಣದ ಹೆಸರನ್ನೂ ಅದರ ಮೇಲೆ ಮಾರ್ಕರಿನಿಂದ ಬರೆದಿಡಿ.